ಹಳೇ ಬಂಗಲೆಯ ಬೆಚ್ಚನೆ ಸೊಬಗು ನಿಮ್ಮ ಮನೆಗೂ ಬರಲಿ

ಅಮೆರಿಕದಲ್ಲಿರುವ ಅಕ್ಕನ ಮಗಳೋ, ಎದುರು ಮನೆಯವರ ಸೊಸೆಯೋ ಕಳಿಸಿದ ಫೋಟೋಗಳನ್ನು ನೀವೂ ನೋಡಿರ್ತೀರಿ. ಮರದ ನೆಲ, ಇಟ್ಟಿಗೆಯ ಫೈರ್‌ಪ್ಲೇಸ್, ಪಕ್ಕದಲ್ಲೊಂದು ತೂಗುವ ಕುರ್ಚಿ, ಅದರ ಮೇಲೆ ತುಂಡು ಬಟ್ಟೆ ಜೋಡಿಸಿ ಹೊಲಿದ ಹೊದಿಕೆ. 'ನಮ್ಮನೇನೂ ಹೀಗಿದ್ದಿದ್ರೆ!' ಅನ್ನಿಸೋದು ಸಹಜವೇ. ಆದರೆ ಬೆಂಗಳೂರಿನ ಶೋರೂಮಿಗೆ ಹೋಗಿ ಕಂತಿನ ಮೇಲೆ ಸೋಫಾ ಸೆಟ್ ತರುವ ಮುಂಚೆ ಸ್ವಲ್ಪ ತಡೆಯಿರಿ. ಕೆಜಿಎಫ್, ಬಂಗಾರಪೇಟೆ ಕಡೆಯ ನಮಗೆ ಆ ಸೊಬಗು ಹೊಸದೇನಲ್ಲ.

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನದ ಗಣಿ ಕೆಲಸ ಹಿಡಿದ ಮೇಲೆ ಅಧಿಕಾರಿಗಳಿಗಾಗಿ ಇಲ್ಲಿ ಬಂಗಲೆಗಳು ಎದ್ದವು. ಅಗಲವಾದ ವರಾಂಡ, ಇಳಿಜಾರು ಛಾವಣಿ, ಎತ್ತರದ ಕಿಟಕಿ, ಚಳಿಗೆ ಫೈರ್‌ಪ್ಲೇಸ್. ಊರಿಗೆ 'ಲಿಟಲ್ ಇಂಗ್ಲೆಂಡ್' ಅಂತ ಹೆಸರು ಬಂದದ್ದು ಸುಮ್ಮನೆ ಅಲ್ಲ. ಅಮೆರಿಕದ ಸಾಂಪ್ರದಾಯಿಕ ಮನೆಯ ಬೇರೂ ಇಂಗ್ಲೆಂಡಿನದೇ. ಅಂದಮೇಲೆ ಎರಡೂ ದೂರದ ನೆಂಟರು ಅಂತಲೇ ಇಟ್ಟುಕೊಳ್ಳಿ!

ಈ ಶೈಲಿಯ ಜೀವಾಳ ಮರ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಎಷ್ಟೋ ಕುಟುಂಬಗಳು ಊರು ಬಿಟ್ಟವು. ಹೋಗುವ ಅವಸರದಲ್ಲಿ ಕೈಗೆ ಬಂದ ಬೆಲೆಗೆ ಸಾಮಾನು ಮಾರಿದವರೂ ಇದ್ದಾರೆ. ಇವತ್ತಿಗೂ ಅತ್ತೆಯವರ ಕಾಲದ ತೇಗದ ಬೀರು, ಬೆತ್ತದ ಕುರ್ಚಿ ಮೂಲೆಯಲ್ಲಿ ಬಿದ್ದಿದ್ದರೆ 'ಹಳೇದು, ಜಾಗಕ್ಕೆ ದಂಡ' ಅಂತ ಗುಜರಿಗೆ ಹಾಕಬೇಡಿ. ಹರಿದ ಬೆತ್ತ ಮತ್ತೆ ಹೆಣೆಸಬಹುದು, ಅಲ್ಲಾಡುವ ಕಾಲಿಗೆ ಬಡಗಿ ಬೆಣೆ ಹೊಡೆದು ಕೊಡ್ತಾರೆ. ಅಂಗಡಿಯಲ್ಲಿ ಹೊಳೆಯುವ ಎಷ್ಟೋ ಸೋಫಾಗಳ ಒಳಗೆ ಇರೋದು ಹಲಗೆ ಚೂರು ಅಂಟಿಸಿದ ಬೋರ್ಡು ಅಷ್ಟೇ. ನೀರು ತಾಗಿದರೆ ಅದು ಉಬ್ಬಿಕೊಳ್ಳುತ್ತೆ.

ಇಲ್ಲೊಂದು ಎಚ್ಚರಿಕೆ ಇದೆ, ದಯವಿಟ್ಟು ಗಮನಿಸಿ. ಹಳೇ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ನಮ್ಮ ದೇಶದಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಯಾದದ್ದೇ 2017ರ ನವೆಂಬರ್‌ನಲ್ಲಿ. ಹಾಗಾಗಿ ಬಣ್ಣ ಬಳಿದ ಹಳೇ ಬಾಗಿಲು, ಕುರ್ಚಿಗಳನ್ನು ಒಣದಾಗಿ ಉಜ್ಜಿಸಬೇಡಿ, ಬೆಂಕಿ ಹಿಡಿದು ಸುಲಿಸಬೇಡಿ. ಮೂಗಿಗೆ ಒಳ್ಳೇ ಮಾಸ್ಕ್ ಇರಲಿ. ಉಪ್ಪುಕಾಗದ ನೀರಲ್ಲಿ ಅದ್ದಿ, ಮನೆಯ ಹೊರಗೆ ಉಜ್ಜಿಸಿ, ಉದುರಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಪುಟ್ಟ ಮಕ್ಕಳು, ಬಸುರಿಯರು ಆ ಕಡೆ ಸುಳಿಯಲೇಬಾರದು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತೆ. ಬಣ್ಣ ಏಳದೆ ಗಟ್ಟಿಯಾಗಿದ್ದರೆ ಉಜ್ಜುವ ಗೋಜೇ ಬೇಡ, ಹಾಗೇ ಬಿಡಿ.

ಹೊಸದಾಗಿ ಮಾಡಿಸುವವರಿಗೆ ಸಿಲ್ವರ್ ಓಕ್ ಅಥವಾ ಮಾವು ಸಾಕು. ಸಿಲ್ವರ್ ಓಕ್ ಹೆಸರಿಗಷ್ಟೇ ಓಕ್, ಅಮೆರಿಕದವರ ಓಕ್ ಬೇರೆ ಮರ. ಮಾವಿಗೆ ಬೇಗ ಹುಳ ಹಿಡಿಯುತ್ತೆ, ಚೆನ್ನಾಗಿ ಒಣಗಿಸಿ ಹುಳದ ಔಷಧಿ ಹಾಕಿಸಿದ ಮೇಲೇ ಪಾಲಿಶ್.

ಇನ್ನು ಪರದೆ, ಕಾರ್ಪೆಟ್. ಫೋಟೋದಲ್ಲಿ ನೋಡಿದ ದಪ್ಪ ಮಖಮಲ್ ಪರದೆ ನಮಗೆ ಆಗಿಬರಲ್ಲ. ಆಷಾಢದ ಗಾಳಿಗೆ ಸೈನೈಡ್ ದಿಬ್ಬಗಳ ಧೂಳು ಹೇಗೆ ಮನೆಯೊಳಗೆ ಬರುತ್ತೆ ಅಂತ ಮಾರಿಕುಪ್ಪಂ, ಉರಿಗಾಂ ಕಡೆಯವರಿಗೆ ನಾನು ಹೇಳಬೇಕೇ? ವರ್ಷಪೂರ್ತಿ ಹರಿಯುವ ನದಿಯೇ ಇಲ್ಲದ ಜಿಲ್ಲೆ ಬೇರೆ. ಒಂದು ಪರದೆ ಒಗೆಯೋಕೆ ನಾಲ್ಕು ಬಕೆಟ್ ನೀರು ಸುರಿಯೋಕಾಗುತ್ತಾ? ತೆಳು ಹತ್ತಿಯ ಚೌಕುಳಿ ಬಟ್ಟೆ ತನ್ನಿ. ಹಗುರ, ಬೇಗ ಒಣಗುತ್ತೆ, ಆ ಶೈಲಿಗೂ ಒಪ್ಪುತ್ತೆ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಬದಲು ಕೊಡವಿ ಬಿಸಿಲಿಗೆ ಹಾಕಬಹುದಾದ ಸಣ್ಣ ಜಮಖಾನ ಇರಲಿ. ಕೆಂಪು ಗಾರೆ ನೆಲ ಇರುವ ಪುಣ್ಯವಂತರು ಅದರ ಮೇಲೆ ಟೈಲ್ಸ್ ಹಾಕಿಸುವ ಯೋಚನೆ ಬಿಡಿ. ಮರದ ಸಾಮಾನಿಗೆ ಅದಕ್ಕಿಂತ ಒಪ್ಪುವ ನೆಲ ಇಲ್ಲ.

ಅಮೆರಿಕದವರು ಹೆಮ್ಮೆಯಿಂದ ಹಾಸುವ 'ಕ್ವಿಲ್ಟ್' ಇದೆಯಲ್ಲ, ಅದು ನಮ್ಮ ಅಜ್ಜಿಯರ ಹಳೇ ಸೀರೆಯ ಬೊಂತೆ, ಉತ್ತರ ಕರ್ನಾಟಕದವರ ಕೌದಿ. ಟ್ರಂಕಿನಲ್ಲಿ ಇದ್ದರೆ ತೆಗೆದು ಬಿಸಿಲು ಕಾಣಿಸಿ, ಕುರ್ಚಿಯ ಬೆನ್ನಿಗೆ ಹಾಕಿ.

ಗೋಡೆಗೆ ಕೆನೆ ಬಣ್ಣ, ಒಂದೇ ಒಂದು ಗೋಡೆಗೆ ಇಟ್ಟಿಗೆ ಕೆಂಪು ಅಥವಾ ಸಾಸಿವೆ ಹಳದಿ. ಅದರ ಮೇಲೆ ಮನೆಯವರ ಫೋಟೋಗಳು. ಮಾವನವರು ಗಣಿಯ ಹೆಲ್ಮೆಟ್ ಹಾಕಿ ತೆಗೆಸಿಕೊಂಡ ಚಿತ್ರವಿದ್ದರೆ ಫ್ರೇಮ್ ಹಾಕಿಸಿ ನಡುವೆ ತೂಗುಹಾಕಿ.

ಕ್ವಾರ್ಟರ್ಸ್‌ನಲ್ಲೋ ಬಾಡಿಗೆಗೋ ಇದ್ದೀರಾ? ಹಾಗಾದರೆ ಗೋಡೆಗೆ ಕೂರಿಸುವ ಶೋಕೇಸು, ಫಾಲ್ಸ್ ಸೀಲಿಂಗ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ ಅನ್ನೋದು ನನ್ನ ಅಭಿಪ್ರಾಯ. ಗಣಿ ಮುಚ್ಚಿದ ಮೇಲೂ ಕಂಪನಿ ಮನೆಗಳಲ್ಲೇ ಉಳಿದವರನ್ನು 'ಈ ಮನೆ ನಮ್ಮದಾಗುತ್ತಾ?' ಅನ್ನೋ ಚಿಂತೆ ವರ್ಷಗಟ್ಟಲೆ ಕಾಡಿತು. ಅಂಥ ಕಡೆ ಎತ್ತಿಕೊಂಡು ಹೋಗಬಹುದಾದದ್ದಕ್ಕೆ ಮಾತ್ರ ದುಡ್ಡು ಹಾಕೋದು ಜಾಣತನ. ಮನೆಯವರಿಗೂ ಇದನ್ನೇ ಹೇಳಿ, ಕೇಳಿಯಾರು!

ಕಡೆಯದಾಗಿ ಬೆಳಕು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂದಾಗ ಅಲ್ಲಿನ ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ನಿಮ್ಮ ಹಾಲಿಗೆ ಈಗ ಬೇಕಾದದ್ದು ಡಬ್ಬಿಯ ಮೇಲೆ 'ವಾರ್ಮ್ ವೈಟ್' ಅಥವಾ 2700 ಕೆ ಅಂತ ಬರೆದಿರುವ ಎಲ್‌ಇಡಿ ಬಲ್ಬು. ತಲೆಯ ಮೇಲೊಂದು ಟ್ಯೂಬ್‌ಲೈಟ್ ಬದಲು ಕುರ್ಚಿ ಪಕ್ಕ ಒಂದು, ಊಟದ ಜಾಗಕ್ಕೆ ಒಂದು ಹಾಕಿ. ಓದುವ ಮಕ್ಕಳ ಮೇಜಿಗೆ ಮಾತ್ರ ಬೆಳ್ಳನೆಯ ಬೆಳಕೇ ಇರಲಿ. ರಾತ್ರಿ ಬೆಂಗಳೂರಿನ ಟ್ರೇನಿಳಿದು ಸುಸ್ತಾಗಿ ಬರುವವರಿಗೆ ವರಾಂಡದಲ್ಲೂ ಆ ಹಳದಿ ಬಲ್ಬು ಒಂದಿರಲಿ.