ನಿಮಗಿದು ಗೊತ್ತೆ? ಹಿಟ್ಟಿಗಿಂತ ರೊಟ್ಟಿಗೇ ಬಾಳಿಕೆ ಹೆಚ್ಚು!
ಸಜ್ಜೆ ಹಿಟ್ಟು ಬೀಸಿದ ವಾರ, ಹತ್ತು ದಿನಕ್ಕೇ ಕಹಿಯಾಗತೊಡಗುತ್ತದೆ. ಅದೇ ಹಿಟ್ಟಿನ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು! ಸಜ್ಜೆಯಲ್ಲಿ ಸುಮಾರು ಶೇ 5ರಷ್ಟು ಕೊಬ್ಬಿದೆ. ಬೀಸಿದೊಡನೆ ಕಾಳಿನಲ್ಲೇ ಇರುವ ಕಿಣ್ವ ಅದನ್ನು ಒಡೆಯತೊಡಗುತ್ತದೆ. ಹೆಂಚಿನ ಕಾವಿಗೆ ಕಿಣ್ವ ನಿಷ್ಕ್ರಿಯವಾಗುತ್ತದೆ, ನೀರಿನಂಶವೂ ಆರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಸಂಕ್ರಾಂತಿಗೆ ಸಜ್ಜೆ ರೊಟ್ಟಿ ಬೇಕೇ ಬೇಕು. ಬಿಸಿನೀರಲ್ಲಿ ಹಿಟ್ಟು ನಾದಿ, ತೆಳ್ಳಗೆ ತಟ್ಟಿ, ಮೇಲೆ ಎಳ್ಳು ಒತ್ತಿ, ಮೊದಲೇ ಸುಟ್ಟು ಒಣಗಿಸಿಡುವುದು ನಿಜಕ್ಕೂ ಜಾಣತನ. ಹಬ್ಬಕ್ಕೆ ಎಷ್ಟೇ ನೆಂಟರು ಬರಲಿ, ಬದನೆಕಾಯಿ ಎಣ್ಣೆಗಾಯಿ ಮಾಡಿದರೆ ಊಟ ಸಿದ್ಧ. ಉಳಿದ ರೊಟ್ಟಿ ದುಡಿದು ಬಂದ ಸಂಜೆಗಳಿಗೆ: ಜೊತೆಗೆ ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಸಾಕು. ಡಬ್ಬಿಗೆ ಮಾತ್ರ ತೇವ ತಾಕಬಾರದು.