ಮರದ ಜೋಡಿನ ಕುಣಿತ: ಆಂಗ್ಲ ದುಡಿಮೆಗಾರರ ಕಲೆ

ಯಕ್ಷಗಾನದಲ್ಲಿ ತೆಂಕು, ಬಡಗು ಎಂಬ ತಿಟ್ಟುಗಳಿರುವುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಕಲೆ ಒಂದೇ ಆದರೂ ಸೀಮೆ ಬದಲಾದಂತೆ ಹೆಜ್ಜೆಯೂ ವೇಷವೂ ಬದಲಾಗುವುವು. ಇಂಗ್ಲೆಂಡಿನ ಜನಪದ ಕುಣಿತಕ್ಕೂ ಇಂಥ ತಿಟ್ಟುಗಳುಂಟೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಆಂಗ್ಲರ ನೃತ್ಯವೆಂದೊಡನೆ ಹೊಳೆಯುವ ನೆಲದ ಮೇಲೆ ಗಂಡುಹೆಣ್ಣು ಕೈಹಿಡಿದು ಸುತ್ತುವ ಸಿನಿಮಾ ದೃಶ್ಯವೇ ಕಣ್ಣಮುಂದೆ ನಿಲ್ಲುತ್ತದೆ. ಅದು ಸಿರಿವಂತರ ಕುಣಿತ. ಹೊಲದ ಕೂಲಿಗಳು, ಗಾರೆಯವರು, ಗಿರಣಿಯವರು, ಗಣಿಯವರು ಬೀದಿಯಲ್ಲಿ ಕುಣಿದುದು ಮಾರಿಸ್ ಮತ್ತು ಕ್ಲಾಗ್ ಎಂಬ ಬೇರೆಯೇ ಕುಣಿತಗಳು.

ಮಾರಿಸ್ ಬಹು ಹಳೆಯದು. 1448ರಲ್ಲಿ ಲಂಡನ್ನಿನ ಅಕ್ಕಸಾಲಿಗರ ಸಂಘವು ಮಾರಿಸ್ ಕುಣಿತದವರಿಗೆ ಏಳು ಶಿಲ್ಲಿಂಗ್ ಕೊಟ್ಟ ಲೆಕ್ಕ ಉಳಿದುಬಂದಿದೆ. 1600ರಲ್ಲಿ ವಿಲ್ ಕೆಂಪ್ ಎಂಬ ಹಾಸ್ಯನಟನು ಲಂಡನ್ನಿನಿಂದ ನಾರ್ವಿಚ್ ನಗರದವರೆಗೆ, ನಡುನಡುವೆ ವಿಶ್ರಮಿಸುತ್ತ, ಒಂಬತ್ತು ದಿನಗಳ ಕುಣಿತದಲ್ಲಿ ದಾರಿ ಸವೆಸಿದನು.

ಇನ್ನು ತಿಟ್ಟುಗಳ ವಿಷಯ. ಆಕ್ಸ್‌ಫರ್ಡಿನ ಸುತ್ತಣ ಕಾಟ್ಸ್‌ವಲ್ಡ್ ಸೀಮೆಯಲ್ಲಿ ಆರು ಮಂದಿ ಬಿಳಿಯುಡುಪು ತೊಟ್ಟು, ಮೊಣಕಾಲ ಕೆಳಗೆ ಗೆಜ್ಜೆ ಕಟ್ಟಿ, ಕೈವಸ್ತ್ರ ಬೀಸುತ್ತಲೋ ಕೋಲು ತಾಗಿಸುತ್ತಲೋ ಕುಣಿಯುತ್ತಾರೆ. ಕೋಲಾಟ ಬಲ್ಲವರಿಗೆ ಇದು ಅಪರಿಚಿತವೆನಿಸದು. ಇಲ್ಲಿ ಊರೂರಿಗೂ ಹೆಜ್ಜೆ ಬೇರೆ. ಬ್ಯಾಂಪ್ಟನ್ನಿನವರ ಕುಣಿತವನ್ನು ಹೆಡಿಂಗ್‌ಟನ್ನಿನವರದೆಂದು ಬಲ್ಲವರಾರೂ ಭ್ರಮಿಸರು. ವೇಲ್ಸಿನ ಗಡಿಗೆ ತಾಗಿದ ಜಿಲ್ಲೆಗಳಲ್ಲಿ ಚಿಂದಿಬಟ್ಟೆಯ ಪಟ್ಟಿಗಳನ್ನು ಹೊಲಿದ ಅಂಗಿ, ಜೋರಾದ ಕೋಲಿನೇಟು. ಪೂರ್ವದ ಬಯಲಿನಲ್ಲಿ ಜನವರಿಯ ‘ನೇಗಿಲ ಸೋಮವಾರ’ದಂದು ಉಳುವವರು ಕುಣಿದು ಕಾಸು ಬೇಡುತ್ತಿದ್ದರು. ಈಶಾನ್ಯದ ಕಲ್ಲಿದ್ದಲು ಗಣಿಗಳ ಊರುಗಳಲ್ಲಿ ಐವರು ಬಾಗುವ ಉಕ್ಕಿನ ಪಟ್ಟಿಗಳನ್ನು ಹಿಡಿದು, ಒಬ್ಬರ ತೋಳಿನಡಿ ಇನ್ನೊಬ್ಬರು ನುಸುಳಿ, ಕೊನೆಗೆ ಅವೆಲ್ಲವನ್ನೂ ನಕ್ಷತ್ರದಂತೆ ಹೆಣೆದು ಎತ್ತಿ ತೋರಿಸುತ್ತಾರೆ.

ವಾಯವ್ಯದ ಲಂಕಶೈರ್ ಹತ್ತಿ ಗಿರಣಿಗಳ ಸೀಮೆ. ಅಲ್ಲಿಯ ಮಾರಿಸ್ ಮೆರವಣಿಗೆಯ ಕುಣಿತ, ಕಾಲಲ್ಲಿ ಕ್ಲಾಗ್. ಮರದ ಅಟ್ಟೆ, ಮೇಲೆ ತೊಗಲು, ಅಡಿಯಲ್ಲಿ ಲಾಳದಂಥ ಕಬ್ಬಿಣ: ಇದೇ ಗಿರಣಿಯ ಗಂಡಸರೂ ಹೆಂಗಸರೂ ದಿನನಿತ್ಯ ಮೆಟ್ಟುತ್ತಿದ್ದ ಜೋಡು. ಮಗ್ಗದ ಮುಂದೆ ನಿಂತವರು ಅದರ ಸದ್ದಿಗೆ ಸರಿಯಾಗಿ ಪಾದ ಬಡಿಯುತ್ತ ಬಡಿಯುತ್ತ ಕ್ಲಾಗ್ ಕುಣಿತ ಬೆಳೆಯಿತೆಂದು ಅಲ್ಲಿಯವರು ಹೇಳುತ್ತಾರೆ. ಇದರಲ್ಲಿ ದೇಹದ ಮೇಲ್ಭಾಗ ನಿಶ್ಚಲ. ಕೆಲಸವೆಲ್ಲ ಹಿಮ್ಮಡಿ ಮತ್ತು ಮುಂಗಾಲಿನದು. ಸ್ಪರ್ಧೆಗಳಲ್ಲಿ ಸದ್ದಿನ ಶುದ್ಧಿಯನ್ನು ಪರೀಕ್ಷಿಸಲು ತೀರ್ಪುಗಾರರು ವೇದಿಕೆಯ ಅಡಿಯಲ್ಲಿ ಕೂರುತ್ತಿದ್ದರೆಂದು ಪ್ರತೀತಿ. ನಗೆಯ ಚಕ್ರವರ್ತಿ ಚಾರ್ಲಿ ಚಾಪ್ಲಿನ್ನರೂ ಬಾಲ್ಯದಲ್ಲಿ ‘ಎಂಟು ಲಂಕಶೈರ್ ಹುಡುಗರು’ ಎಂಬ ಕ್ಲಾಗ್ ತಂಡದಲ್ಲಿ ಕುಣಿದೇ ರಂಗಕ್ಕೆ ಬಂದವರು.

ಆ ಮಗ್ಗಗಳಿಗೂ ನಮ್ಮ ನಾಡಿಗೂ ಒಂದು ನಂಟುಂಟು. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ನಿಂತು ಲಂಕಶೈರಿನ ಕೆಲಸಗಾರರು ಉಪವಾಸ ಬಿದ್ದಾಗ, ಮುಂಬಯಿ ಬಂದರದಿಂದ ಅಪಾರವಾದ ಹತ್ತಿ ಹೋಯಿತು. ಅದರಲ್ಲಿ ಧಾರವಾಡ ಸೀಮೆಯದೂ ಇದ್ದಿತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಾರಿಸ್ ಬಹುತೇಕ ಊರುಗಳಲ್ಲಿ ಅಳಿವಿನ ಅಂಚಿಗೆ ಬಂದಿದ್ದಿತು. 1899ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ಸಿನ ಮರುದಿನ, ಸೆಸಿಲ್ ಶಾರ್ಪ್ ಎಂಬ ಸಂಗೀತ ಶಿಕ್ಷಕರು ಹೆಡಿಂಗ್‌ಟನ್ನಿನಲ್ಲಿ ನೆಂಟರ ಮನೆಯ ಕಿಟಕಿಯಿಂದ ಒಂದು ತಂಡವನ್ನು ಕಂಡರು. ಆ ಕುಣಿತದ ಕಾಲ ಬೇಸಿಗೆಯ ಆರಂಭ. ಆದರೆ ಹಿಮದಿಂದ ಕಟ್ಟಡದ ಕೆಲಸ ನಿಂತು ಕೂಲಿ ತಪ್ಪಿದ್ದುದರಿಂದ ನಾಲ್ಕು ಕಾಸಿಗಾಗಿ ಅವರು ಅಕಾಲದಲ್ಲಿ ಹೊರಟಿದ್ದರು. ಕನ್ಸರ್ಟೀನಾ ಎಂಬ ಪುಟ್ಟ ತಿದಿವಾದ್ಯ ನುಡಿಸುತ್ತಿದ್ದ ಇಪ್ಪತ್ತೇಳರ ಗಾರೆ ಕೆಲಸದ ವಿಲಿಯಂ ಕಿಂಬರರು ಅದಕ್ಕಾಗಿ ಕ್ಷಮೆಯನ್ನೇ ಕೇಳಿಕೊಂಡರಂತೆ. ಮರುದಿನ ಶಾರ್ಪರು ಅವರನ್ನು ಕರೆಸಿ ಧಾಟಿಗಳನ್ನು ಬರೆದುಕೊಂಡರು.

ಬರೆಹದಿಂದ ಮಾತ್ರವೇ ಕಲೆ ಬದುಕಲಿಲ್ಲ. 1905ರಲ್ಲಿ ಮೇರಿ ನೀಲ್ ಎಂಬ ಮಹಿಳೆ ಲಂಡನ್ನಿನಲ್ಲಿ ಬಟ್ಟೆ ಹೊಲಿಯುವ ಬಡ ಹುಡುಗಿಯರ ಸಂಘಕ್ಕಾಗಿ ಕಿಂಬರರನ್ನೇ ಕರೆಸಿದರು. ಅವರಿಂದ ಕಲಿತ ಆ ಹುಡುಗಿಯರು ಊರೂರಿಗೆ ಹೋಗಿ ಇತರರಿಗೆ ಕಲಿಸಿದರು. ಮುಂದೆ ಶಾರ್ಪರಿಗೂ ನೀಲರಿಗೂ ವಾದ ಬೆಳೆಯಿತು. ಹೆಜ್ಜೆ ಕರಾರುವಾಕ್ಕಾಗಿರಬೇಕೆಂಬುದು ಒಬ್ಬರ ಹಟ. ಕುಣಿಯುವವರ ಉಲ್ಲಾಸವೇ ಮುಖ್ಯವೆಂಬುದು ಇನ್ನೊಬ್ಬರ ನಿಲುವು.

ಇಂದಿಗೂ ವಾದ ಮುಗಿದಿಲ್ಲ. ಮುಖಕ್ಕೆ ಕಪ್ಪು ಬಳಿದು ಕುಣಿಯುವ ಪದ್ಧತಿ ಕೆಲವೆಡೆ ಇದ್ದಿತು. ಗುರುತು ಮರೆಸಲೆಂದು ಕೆಲವರೂ, ಕರಿಯ ಜನರ ಅಣಕವೆಂದು ಇನ್ನು ಕೆಲವರೂ ಹೇಳಿದರು. 2020ರಲ್ಲಿ ಮಾರಿಸ್ ತಂಡಗಳ ಮೂರು ಕೇಂದ್ರ ಸಂಘಗಳೂ ಅದನ್ನು ಕೈಬಿಡಲು ನಿರ್ಣಯಿಸಿದವು. ಹಲವು ತಂಡಗಳು ಬೇರೆ ಬಣ್ಣ ಹಚ್ಚಿಕೊಂಡವು. ಕೈಗೂ ಮೊಣಕಾಲಿಗೂ ಮರದ ಬಿಲ್ಲೆ ಕಟ್ಟಿ ತಾಳ ಹಾಕುವ ಲಂಕಶೈರಿನ ಬೇಕಪ್ ಊರಿನ ತಂಡ ಮಾತ್ರ ಸಂಘವನ್ನೇ ಬಿಟ್ಟಿತು. ಅನ್ಯರ ಮನಸ್ಸು ನೋಯಿಸದೆ ಸಂಪ್ರದಾಯವನ್ನು ಉಳಿಸಿಕೊಳ್ಳುವುದು ಸಾಧ್ಯವೆಂಬುದಕ್ಕೆ ಬಣ್ಣ ಬದಲಿಸಿದ ತಂಡಗಳೇ ಸಾಕ್ಷಿಯೆಂದು ನಮ್ಮ ಮತ.

1924ರಲ್ಲಿ ತೀರಿಕೊಂಡ ಶಾರ್ಪರ ನೆನಪಿಗಾಗಿ ಲಂಡನ್ನಿನಲ್ಲಿ ಒಂದು ಭವನವೆದ್ದಿತು. 1929ರಲ್ಲಿ ಅದರ ಅಡಿಗಲ್ಲನ್ನಿಟ್ಟವರು ಗಾರೆ ಕೆಲಸದ ಕಿಂಬರರೇ. ಕೂಲಿಯಿಲ್ಲದ ದಿನ ಬೀದಿಯಲ್ಲಿ ಕ್ಷಮೆ ಕೇಳಿದ ಕೈಗೆ ಮೂವತ್ತು ವರ್ಷಗಳ ತರುವಾಯ ಆ ಗೌರವ ಸಂದಿತು. ಹಗಲೆಲ್ಲ ದುಡಿದು ರಾತ್ರಿ ಗೆಜ್ಜೆ ಕಟ್ಟುವ, ಮದ್ದಳೆ ನುಡಿಸುವ ನಮ್ಮ ಸೋದರರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ. ಕಲೆಯ ಕಟ್ಟಡಕ್ಕೆ ಅಡಿಗಲ್ಲು ಯಾವಾಗಲೂ ದುಡಿಯುವವನ ಕೈಯಿಂದಲೇ ಬರುವುದು.