ಅಂಗುಲಕ್ಕೆ ಎಷ್ಟು ಕುಣಿಕೆ?

1914ರ ಚಳಿಗಾಲ. ಫ್ರಾನ್ಸ್, ಬೆಲ್ಜಿಯಂಗಳ ಕಂದಕಗಳಲ್ಲಿ ಕಾದಿದ್ದ ಬ್ರಿಟಿಷ್ ಸೈನಿಕರಿಗೆ ಶತ್ರುವಿನ ಗುಂಡಿನ ಜತೆಗೆ ಕೆಸರಿನ ಕಾಟವೂ ತಪ್ಪಲಿಲ್ಲ. ದಿನಗಟ್ಟಲೆ ತಣ್ಣೀರಿನಲ್ಲಿ ನೆನೆದ ಪಾದಗಳು ಜೋಮು ಹಿಡಿದು, ಊದಿಕೊಂಡು, ಕೊನೆಗೆ ಕೊಳೆಯುತ್ತಿದ್ದವು. ‘ಟ್ರೆಂಚ್ ಫುಟ್’ ಎಂಬ ಈ ಕಾಯಿಲೆಯನ್ನು ತಡೆಯುವ ಉಪಾಯಗಳಲ್ಲಿ ಒಣಗಿದ ಉಣ್ಣೆಯ ಕಾಲುಚೀಲವೂ ಒಂದು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಹೆಂಗಸರು, ಶಾಲೆಯ ಮಕ್ಕಳು ಕೂಡ ಹೆಣಿಗೆಗೆ ಕೂತರು. 1917ರಲ್ಲಿ ಅಮೆರಿಕವೂ ಸೇರಿಕೊಂಡಿತು.

ಯಾರ ಕಾಲಿಗೆ ಹೆಣೆಯುತ್ತಿದ್ದೇವೆಂದು ಅವರಿಗೆ ತಿಳಿಯದು. ಅಳತೆಗೆ ಕಾಲೇ ಎದುರಿಗಿಲ್ಲ. ಬರೆದು ಕೊಟ್ಟ ಲೆಕ್ಕವೊಂದೇ ಆಧಾರ.

ಆ ಲೆಕ್ಕದ ಬುಡದಲ್ಲಿರುವುದೇ ‘ಗೇಜ್’, ಅಂದರೆ ಒಂದು ಅಂಗುಲದ ಅಗಲದಲ್ಲಿ ಎಷ್ಟು ಕುಣಿಕೆ ಕೂರುತ್ತವೆ ಎಂಬುದು. ಪಾದದ ಸುತ್ತಳತೆ 9 ಅಂಗುಲ ಎನ್ನೋಣ. ಕಾಲುಚೀಲ ಹಿಗ್ಗಿ ಹಿಡಿದುಕೊಳ್ಳಬೇಕಾದ್ದರಿಂದ ಅದು 8 ಅಂಗುಲವಿದ್ದರೆ ಸರಿ. ಅಂಗುಲಕ್ಕೆ 8 ಕುಣಿಕೆಯಂತೆ 64 ಕುಣಿಕೆ ಹಾಕಬೇಕು. ಅದೇ 64 ಕುಣಿಕೆಯನ್ನು ಸಡಿಲ ಕೈಯವರು ಅಂಗುಲಕ್ಕೆ 7ರಂತೆ ಹೆಣೆದರೆ ಸುತ್ತಳತೆ 9 ಅಂಗುಲ ದಾಟುತ್ತದೆ. ಚೀಲ ಜಾರಿ ಬೂಟಿನೊಳಗೆ ಮಡಿಕೆ ಬೀಳುತ್ತದೆ. ಮೈಲಿಗಟ್ಟಲೆ ನಡೆಯುವವನಿಗೆ ಮಡಿಕೆಯೆಂದರೆ ಬೊಬ್ಬೆ. ಬಿಗಿ ಕೈಯವರು 9 ಕುಣಿಕೆ ಕೂರಿಸಿದರೋ, ಏಳು ಅಂಗುಲ ಚಿಲ್ಲರೆಯ ಆ ಚೀಲ ಹಿಮ್ಮಡಿ ದಾಟುವುದೇ ಕಷ್ಟ. ಇಷ್ಟು ರಾದ್ಧಾಂತಕ್ಕೆ ಕಾರಣ ಅಂಗುಲಕ್ಕೆ ಒಂದೇ ಒಂದು ಕುಣಿಕೆ!

ಕಡ್ಡಿಯ ನಂಬರನ್ನು ನೆಚ್ಚುವಂತೆಯೂ ಇಲ್ಲ. ಬ್ರಿಟನ್ನಿನ ಹಳೆಯ ಪದ್ಧತಿಯಲ್ಲಿ ನಂಬರು ಏರಿದಷ್ಟೂ ಕಡ್ಡಿ ತೆಳು, ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧ. 2.25 ಮಿಲಿಮೀಟರ್ ದಪ್ಪದ ಒಂದೇ ಕಡ್ಡಿ ಅಲ್ಲಿ 13, ಇಲ್ಲಿ 1.

ನೂಲಿನದು ಇನ್ನೊಂದು ಕಥೆ. ‘ನಾಲ್ಕೆಳೆ’ ಎಂದರೆ ನಾಲ್ಕು ಎಳೆ ಸೇರಿಸಿ ಹುರಿ ಮಾಡಿದ್ದು ಎಂದಷ್ಟೇ ಮೂಲ ಅರ್ಥ. ಒಂದೊಂದು ಎಳೆ ಎಷ್ಟು ದಪ್ಪವೆಂದು ಅದು ಹೇಳುವುದಿಲ್ಲ. ದಪ್ಪ ಎಳೆಗಳೆರಡು ಸೇರಿ ತೆಳು ಎಳೆಗಳ ನಾಲ್ಕನ್ನು ಮೀರಿಸಬಹುದು. ತೂಕಕ್ಕೆ ಎಷ್ಟು ಉದ್ದ ಬರುತ್ತದೆಂದು ನೋಡುವುದು ಹೆಚ್ಚು ನಂಬಿಕೆಯ ಮಾರ್ಗ. ಇಂದು ಕಾಲುಚೀಲಕ್ಕೆಂದೇ ಮಾರುವ ನೂಲು 100 ಗ್ರಾಮಿಗೆ ಸುಮಾರು 400 ಮೀಟರ್ ಇರುತ್ತದೆ. ಉಂಡೆಯ ಚೀಟಿ ಕಳೆದುಹೋಗಿದ್ದರೆ ಅಳತೆಪಟ್ಟಿಗೆ ನೂಲನ್ನು ಒತ್ತೊತ್ತಾಗಿ, ಆದರೆ ಎಳೆಯದೆ ಸುತ್ತಿ, ಅಂಗುಲಕ್ಕೆ ಎಷ್ಟು ಸುತ್ತು ಬಂತೆಂದು ಎಣಿಸಿ, ಗೊತ್ತಿರುವ ನೂಲಿನೊಡನೆ ಹೋಲಿಸಬಹುದು.

ಮಾದರಿ ತುಂಡು ಹೆಣೆದು ನೋಡುವುದು ರೂಢಿ. ಆದರೆ ಅದೂ ಮೋಸ ಮಾಡುವುದುಂಟು. ಚಪ್ಪಟೆ ತುಂಡಿನಲ್ಲಿ ಒಂದು ಸಾಲು ಸರಳ ಕುಣಿಕೆ, ಮರುಸಾಲು ಉಲ್ಟಾ ಕುಣಿಕೆ. ಅನೇಕರ ಕೈ ಉಲ್ಟಾ ಸಾಲಿನಲ್ಲಿ ಸಡಿಲವಾಗುತ್ತದೆ. ಕಾಲುಚೀಲವನ್ನಾದರೋ ಸುತ್ತು ಸುತ್ತಾಗಿ ಹೆಣೆಯುವುದು. ಆದ್ದರಿಂದ ಮಾದರಿಯೂ ಸುತ್ತು ಹೆಣಿಗೆಯದೇ ಆಗಿರಬೇಕು, ಒಮ್ಮೆ ತೊಳೆದು ಒಣಗಿಸಿದ ಮೇಲೆ ಅಳೆಯಬೇಕು. ಅಷ್ಟು ತಾಳ್ಮೆಯಿಲ್ಲದ ನುರಿತವರು ಕಾಲುಚೀಲವನ್ನೇ ಶುರುಮಾಡಿ, ಮೂರು ಅಂಗುಲ ಹೆಣೆದು, ಅಳತೆಪಟ್ಟಿ ಹಿಡಿಯುತ್ತಾರೆ. ತಪ್ಪಿದ್ದರೆ ಬಿಚ್ಚಬೇಕಾದ್ದು ಮೂರೇ ಅಂಗುಲ.